ಇಲ್ಲಿ ಯಾರು ಹೋಗಿದ್ದರು?

ಪ್ರತಿ ಭಾನುವಾರ ರಾತ್ರಿ ಊಟವಾದ ಮೇಲೆ ಅಪ್ಪ ಫೋನ್ ಮಾಡುತ್ತಾನೆ. ಊಟ ಏನು, ಚಳಿ ಎಷ್ಟು, ಸ್ಕಾಲರ್‌ಶಿಪ್ಪಿನ ದುಡ್ಡು ಬಂತೋ ಇಲ್ಲವೋ ಎಂದೆಲ್ಲ ವಿಚಾರಿಸಿದ ಮೇಲೆ ಕೊನೆಗೊಂದು ಪ್ರಶ್ನೆ ಇದ್ದೇ ಇರುತ್ತದೆ. “ತಮ್ಮಾ, ಕೆಳಗ ನೀರು ಹೆಂಗೈತಿ?”

ಅಪ್ಪ ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಯಲ್ಲಿ ಇಪ್ಪತ್ತೆಂಟು ವರ್ಷ ಭೂಮಿಯೊಳಗೆ ಇಳಿದು ದುಡಿದವನು. ಕೆಲಸಕ್ಕೆ ಕೈ ಹಚ್ಚುವ ಮೊದಲು ತಲೆಯ ಮೇಲಿನ ಬಂಡೆಯನ್ನು ಕಬ್ಬಿಣದ ಹಾರಿಯಿಂದ ಬಡಿದು ಕೇಳುವುದು ಅಲ್ಲಿಯ ರೂಢಿ. ಗಟ್ಟಿ ಬಂಡೆ ಗಂಟೆಯ ಹಾಗೆ ನಾದ ಕೊಡುತ್ತದೆ, ಬಿರುಕು ಬಿಟ್ಟದ್ದು ಸಡಿಲಾದ ಡೊಳ್ಳಿನ ಹಾಗೆ. ಆ ಚಟ ಅವನ ಕೈಯಲ್ಲೇ ಉಳಿದುಬಿಟ್ಟಿದೆ. ಹೊಸ ಮನೆಯ ಗೋಡೆಯನ್ನೂ ಒಮ್ಮೆ ಬೆರಳಿನಿಂದ ತಟ್ಟಿ ನೋಡಿಯೇ ಒಳಗೆ ಕಾಲಿಡುತ್ತಾನೆ. ನಾನು ಧನಬಾದ್‌ಗೆ ಹೊರಟ ದಿನ ಬಸ್ ನಿಲ್ದಾಣದಲ್ಲಿ ಹೇಳಿದ್ದ, “ಕಲ್ಲಾದ್ರ ಬಡದು ಕೇಳಬೌದು. ನೀರು ಹಂಗಲ್ಲ. ಅದು ಸುಮ್ಮನ ಕುಂತಿರ್ತೈತಿ.”

ನಾನು ಕಲ್ಲಿದ್ದಲಿನ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದೇನೆ ಎಂದು ಊರಿನವರು ತಿಳಿದಿದ್ದಾರೆ. ನಿಜ ಹೇಳಬೇಕೆಂದರೆ ನನ್ನ ದಿನಗಳು ಕಳೆಯುವುದು ಕಾಗದದ ಮುಂದೆ. ಮುಚ್ಚಿಹೋದ ಗಣಿಗಳ ಹಳೆಯ ನಕ್ಷೆಗಳನ್ನು ಸ್ಕ್ಯಾನ್ ಮಾಡಿ, ಗೆರೆಗಳನ್ನು ಕಂಪ್ಯೂಟರಿಗೆ ಇಳಿಸಿ, ಆ ಹಳೆಯ ಗಣಿಗೂ ಪಕ್ಕದಲ್ಲಿ ಮುಂದೆ ಬರಬಹುದಾದ ಹೊಸ ಸುರಂಗಕ್ಕೂ ನಡುವೆ ಎಷ್ಟು ದಪ್ಪದ ಕಲ್ಲಿದ್ದಲು ಗೋಡೆ ಉಳಿದಿದೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಗೋಡೆಯ ಆಚೆಗಿರುವುದು ನೀರು. ಆ ನೀರು ಈಚೆಗೆ ನುಗ್ಗುವುದಕ್ಕೆ ಇಂಗ್ಲಿಷಿನಲ್ಲಿ ಇನ್‌ರಶ್ ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕೊಂದು ಪದ ಹುಡುಕಿ ಸೋತಿದ್ದೇನೆ. ಪ್ರವಾಹ ಎಂದರೆ ಆಕಾಶದಿಂದ ಬಂದದ್ದು ಅನ್ನಿಸುತ್ತದೆ. ಇದು ಮನುಷ್ಯರು ತೋಡಿ, ಬಿಟ್ಟು, ಮರೆತ ಜಾಗದಿಂದ ಬರುವಂಥದ್ದು.

ಭೂಗತ ಕಲ್ಲಿದ್ದಲು ಗಣಿಯೆಂದರೆ ನೆಲದಡಿಯ ಒಂದು ಊರು. ಉದ್ದಕ್ಕೂ ಅಡ್ಡಕ್ಕೂ ಬೀದಿಗಳ ಹಾಗೆ ಸುರಂಗ ತೋಡುತ್ತಾರೆ. ಮೇಲಿನ ಭಾರ ಹೊರಲು ನಡುನಡುವೆ ಕಲ್ಲಿದ್ದಲಿನ ಕಂಬಗಳನ್ನು ಬಿಡುತ್ತಾರೆ. ಕೆಲಸ ನಡೆಯುವಷ್ಟು ಕಾಲ ಪಂಪುಗಳು ಹಗಲೂ ರಾತ್ರಿ ನೀರೆತ್ತಿ ಹೊರಹಾಕುತ್ತಿರುತ್ತವೆ. ಗಣಿ ಮುಚ್ಚಿದ ದಿನ ಪಂಪೂ ನಿಲ್ಲುತ್ತದೆ. ಆಮೇಲೆ ಮಳೆ ಇಂಗುತ್ತದೆ, ಒರತೆ ಜಿನುಗುತ್ತದೆ, ಆ ಬೀದಿಗಳೆಲ್ಲ ನಿಧಾನವಾಗಿ ತುಂಬಿಕೊಳ್ಳುತ್ತವೆ. ಮೇಲೆ ಅಂಗಡಿ, ಮನೆ, ಶಾಲೆ, ಮದುವೆ ಮಂಟಪ. ಕೆಳಗೆ ಕೆರೆಯಿದೆ ಎಂಬುದು ಒಂದು ತಲೆಮಾರಿಗೆ ಗೊತ್ತಿರುತ್ತದೆ, ಮುಂದಿನ ತಲೆಮಾರಿಗೆ ಗೊತ್ತಿರುವುದಿಲ್ಲ.

ಆ ನೀರಿನ ಮಟ್ಟ ಹೊಸ ಸುರಂಗಕ್ಕಿಂತ 50 ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. ಆಗ ನಡುವಿನ ಗೋಡೆಯ ಪ್ರತಿ ಚದರ ಮೀಟರಿನ ಮೇಲೆ 50 ಟನ್ ಒತ್ತಡ ಬೀಳುತ್ತದೆ. ಹತ್ತು ಟನ್ ಹೇರಿದ ಐದು ಲಾರಿಗಳು ಒಂದು ಬಾಗಿಲಿನಷ್ಟು ಜಾಗಕ್ಕೆ ಒರಗಿ ನಿಂತ ಹಾಗೆ. ಗೋಡೆ ದಪ್ಪವಿದ್ದಷ್ಟು ದಿನ ಆಚೆ ಏನಿದೆ ಎಂದು ಈಚೆಗಿನವರಿಗೆ ತಿಳಿಯುವುದೂ ಇಲ್ಲ. ಒಡೆದರೆ ನೀರಿನ ಜೊತೆ ಹಳೆಯ ಗಣಿಯಲ್ಲಿ ಕೊಳೆತು ನಿಂತ, ಆಮ್ಲಜನಕವೇ ಇಲ್ಲದ ಗಾಳಿಯೂ ನುಗ್ಗಬಹುದು. ಓಡಿ ತಪ್ಪಿಸಿಕೊಳ್ಳೋಣವೆಂದರೆ ಅಲ್ಲಿ ದಾರಿಗಳು ಬಹಳ ಇರುವುದಿಲ್ಲ.

ಕಳೆದ ವರ್ಷ ಡಿಸೆಂಬರಿನಲ್ಲಿ ನನ್ನ ಕೋಣೆಗೆ ಸರ್ವೆ ಬಾಬು ಬಂದರು. ಎಪ್ಪತ್ತು ದಾಟಿದ ನಿವೃತ್ತ ಗಣಿ ಸರ್ವೇಯರ್. ನಮ್ಮ ವಿಭಾಗದ ಹುಡುಗರಿಗೆ ಹಳೆಯ ನಕ್ಷೆ ಓದಿಸಲು ಆಗಾಗ ಬರುತ್ತಾರೆ, ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಕಂಪ್ಯೂಟರಿನ ಮೇಲೆ ನನ್ನ ನಕ್ಷೆ ತೆರೆದಿತ್ತು. ಬಣ್ಣ ತುಂಬಿ, ಅಳತೆ ಬರೆದು, ನೋಡಲು ಚೆಂದವಾಗಿತ್ತು. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಈಶಾನ್ಯ ಮೂಲೆಯ ಒಂದು ಗೆರೆಯ ಮೇಲೆ ಬೆರಳಿಟ್ಟು ಹಿಂದಿಯಲ್ಲಿ ಕೇಳಿದರು, “ಇಲ್ಲಿ ಯಾರು ಹೋಗಿದ್ದರು?”

ನನಗೆ ಅರ್ಥವಾಗಲಿಲ್ಲ.

“ಈ ಜಾಗಕ್ಕೆ. ಸುರಂಗ ಇಲ್ಲಿಗೆ ಮುಗಿದಿದೆ, ಮುಂದೆ ಇರುವುದೆಲ್ಲ ಕಲ್ಲಿದ್ದಲೇ ಎಂದು ಕಣ್ಣಾರೆ ನೋಡಿ ಬಂದವರು ಯಾರು?”

ಮೂಲ ನಕ್ಷೆಯನ್ನು ತೆಗೆದು ತೋರಿಸಿದೆ. ಬಟ್ಟೆಗೆ ಅಂಟಿಸಿದ ಹಳೆಯ ಹಾಳೆ. ಆ ಮೂಲೆಯಲ್ಲಿ ಅಂಗೈಯಗಲದ ಭಾಗವನ್ನು ಗೆದ್ದಲು ತಿಂದಿತ್ತು. ಎರಡು ಸುರಂಗಗಳು ಆ ತೂತಿನ ಅಂಚಿನವರೆಗೆ ಬಂದಿದ್ದವು. ಗೆರೆಗಳು ಸುತ್ತಿ ಬಂದು ಕೂಡದಿದ್ದರೆ ಸಾಫ್ಟ್‌ವೇರ್ ವಿಸ್ತೀರ್ಣ ಲೆಕ್ಕ ಹಾಕುವುದಿಲ್ಲ. ಹಾಗಾಗಿ ತೂತಿನ ಅಂಚಿಗೇ ಒಂದು ಗೆರೆ ಎಳೆದು ಆಕೃತಿಯನ್ನು ಮುಚ್ಚಿದ್ದೆ. ಒಂದು ಕ್ಲಿಕ್ಕಿನ ಕೆಲಸ. ಮಾಡಿದ್ದು ನೆನಪೂ ಇರಲಿಲ್ಲ.

ಸರ್ವೆ ಬಾಬು ತಲೆಯಾಡಿಸಿದರು. “ಹಾಗಾದರೆ ಈ ಗಣಿಯನ್ನು ಇಲ್ಲಿ ನಿಲ್ಲಿಸಿದ್ದು ಗೆದ್ದಲು.”

ಅವರು ಚಹಾ ಕುಡಿದು ಹೋದರು. ನಾನು ಕುಳಿತಲ್ಲೇ ಕುಳಿತಿದ್ದೆ. ಆ ಗೆರೆಯಿಂದ ಅಳೆದು ಗೋಡೆಯ ದಪ್ಪ 42 ಮೀಟರ್ ಎಂದು ಬರೆದಿದ್ದೆ. ಹೆಚ್ಚುಕಡಿಮೆ 3 ಮೀಟರ್ ತಪ್ಪಿರಬಹುದು ಎಂದೂ ಸೇರಿಸಿದ್ದೆ. ಆ ಅಂಕಿಯ ಮೇಲೆ ಒಂದು ಪ್ರಬಂಧ ಸಿದ್ಧವಾಗಿ ಜರ್ನಲ್ ಒಂದಕ್ಕೆ ಹೋಗಿ ಎರಡು ತಿಂಗಳಾಗಿತ್ತು. ನನ್ನ ಫೆಲೋಶಿಪ್ಪಿನ ಕೊನೆಯ ವರ್ಷ ಅದು. ಪ್ರಬಂಧ ಒಪ್ಪಿಗೆಯಾದರೆ ಮಾತ್ರ ಥೀಸಿಸ್ ಸಲ್ಲಿಸಬಹುದಿತ್ತು. ಸರ್ವೆ ಬಾಬು ಯಾರಿಗೂ ಹೇಳುವವರಲ್ಲ. ಮೂಲ ನಕ್ಷೆಯನ್ನು ತೆಗೆದು ನೋಡುವ ಪರಿಶೀಲಕರೂ ಇರಲಾರರು. ಮಾರ್ಗದರ್ಶಕರಿಗೆ ಹೇಳಲು ನನಗೆ ಹನ್ನೊಂದು ದಿನ ಬೇಕಾಯಿತು. ಆ ಹನ್ನೊಂದು ದಿನಗಳ ಬಗ್ಗೆ ಬರೆಯುವುದು ಸುಲಭವಲ್ಲ, ಆದರೆ ಅದನ್ನು ಬಿಟ್ಟರೆ ಈ ಲೇಖನದಲ್ಲಿ ಏನೂ ಉಳಿಯುವುದಿಲ್ಲ.

ನಕ್ಷೆಯ ತಪ್ಪು ಎಂದರೆ ಎಂಥದ್ದು ಎಂದು ನನಗೆ ಪಾಠದಿಂದ ಗೊತ್ತಿತ್ತು. ಹಳೆಯ ನಕ್ಷೆಗಳನ್ನು ಕಾಂತಸೂಜಿಯ ಉತ್ತರ ಹಿಡಿದು ಬರೆದಿರುತ್ತಾರೆ. ಆ ಉತ್ತರ ದಶಕದಿಂದ ದಶಕಕ್ಕೆ ಸರಿಯುತ್ತ ಹೋಗುತ್ತದೆ. ಬರೀ ಒಂದು ಡಿಗ್ರಿ ವ್ಯತ್ಯಾಸವಾದರೆ ಒಂದು ಕಿಲೋಮೀಟರ್ ದೂರದಲ್ಲಿ ಸುರಂಗ 17 ಮೀಟರ್ ಅತ್ತಿತ್ತ ಆಗಿಬಿಡುತ್ತದೆ. ಬಟ್ಟೆಯ ಹಾಳೆ ನೂರಕ್ಕೆ ಒಂದರಷ್ಟು ಕುಗ್ಗಿದ್ದರೆ ಅದೇ ದೂರಕ್ಕೆ ಇನ್ನೊಂದು 10 ಮೀಟರ್. ನಮ್ಮ ಕಲ್ಲಿದ್ದಲು ಗಣಿ ನಿಯಮಗಳ ಪ್ರಕಾರ ಪ್ರತಿ ಗಣಿಯೂ ತನ್ನ ಗಡಿಯಿಂದ 7.5 ಮೀಟರ್ ಈಚೆಗೇ ನಿಲ್ಲಬೇಕು. ಅಂದರೆ ಅಕ್ಕಪಕ್ಕದ ಎರಡು ಗಣಿಗಳ ನಡುವೆ ಇರಬೇಕಾದದ್ದು 15 ಮೀಟರ್. ಒಂದು ಡಿಗ್ರಿ ತಪ್ಪು ಆ ಇಡೀ ಗೋಡೆಯನ್ನು ನುಂಗಿ ಇನ್ನೂ ಎರಡು ಮೀಟರ್ ಮುಂದೆ ಹೋಗುತ್ತದೆ. ಇದು ಪ್ರಾಮಾಣಿಕ ತಪ್ಪಿನ ಮಾತಾಯಿತು. ಎಪ್ಪತ್ತರ ದಶಕದ ಆರಂಭದಲ್ಲಿ ರಾಷ್ಟ್ರೀಕರಣವಾಗುವ ಮೊದಲು ಝರಿಯಾದ ಕಲ್ಲಿದ್ದಲು ಹಲವಾರು ಸಣ್ಣಪುಟ್ಟ ಮಾಲೀಕರ ಕೈಯಲ್ಲಿತ್ತು. ಗಡಿಯ ಗೋಡೆಯಿಂದಲೇ ನಾಲ್ಕು ಗಾಡಿ ಕಲ್ಲಿದ್ದಲು ಕದ್ದವನು ಅದನ್ನು ನಕ್ಷೆಯಲ್ಲಿ ತೋರಿಸುತ್ತಾನೆಯೇ?

ಧನಬಾದ್ ಸುತ್ತಮುತ್ತ ಇದಕ್ಕೆ ಸಾಕ್ಷಿ ಹುಡುಕಲು ದೂರ ಹೋಗಬೇಕಾಗಿಲ್ಲ. 2001ರ ಫೆಬ್ರುವರಿ 2ರಂದು ಬಾಗ್‌ಡಿಗಿ ಗಣಿಯ ಕೆಲಸ ಪಕ್ಕದಲ್ಲಿ ಕೈಬಿಟ್ಟಿದ್ದ, ನೀರು ತುಂಬಿದ್ದ ಜೈರಾಮ್‌ಪುರ ಗಣಿಗೆ ತೂತು ಹೊಡೆಯಿತು. 29 ಮಂದಿ ಸತ್ತರು. ಅದಕ್ಕೂ ಮೊದಲು, 1995ರ ಸೆಪ್ಟೆಂಬರಿನ ಮಳೆಯಲ್ಲಿ ಕತ್ರಿ ನದಿ ಉಕ್ಕಿ ಗಾಸ್ಲಿಟಾಂಡ್ ಗಣಿಗೆ ನುಗ್ಗಿ 64 ಮಂದಿಯನ್ನು ಮುಳುಗಿಸಿತ್ತು. ಅದು ಮೇಲಿನಿಂದ ಬಂದ ನೀರು. ಎಲ್ಲಕ್ಕಿಂತ ದೊಡ್ಡದು ಚಾಸ್‌ನಾಲಾ.

ನಾನು ಬಾಯಿ ಮುಚ್ಚಿಕೊಂಡಿದ್ದ ಆ ದಿನಗಳಲ್ಲೇ ಡಿಸೆಂಬರ್ 27 ಬಂತು. ರೂಮ್‌ಮೇಟ್‌ನ ಬೈಕಿನಲ್ಲಿ ಚಾಸ್‌ನಾಲಾಕ್ಕೆ ಹೋದೆ. 1975ರ ಅದೇ ದಿನ ಅಲ್ಲಿಯ ಗಣಿಯ ಮೇಲ್ಭಾಗದ ಹಳೆಯ ಸುರಂಗಗಳಲ್ಲಿ ನಿಂತಿದ್ದ ನೀರು ಗೋಡೆ ಒಡೆದುಕೊಂಡು ಕೆಳಗೆ ದುಡಿಯುತ್ತಿದ್ದವರ ಮೇಲೆ ಬಿತ್ತು. ಸರ್ಕಾರಿ ಲೆಕ್ಕದ ಪ್ರಕಾರ ಸತ್ತವರು 375 ಮಂದಿ. ನೀರೆತ್ತಿ ಹೆಣಗಳ ಬಳಿಗೆ ಹೋಗಲು ವಾರಗಳೇ ಹಿಡಿದವು. ನಾಲ್ಕು ವರ್ಷದ ನಂತರ ಬಂದ ‘ಕಾಲಾ ಪತ್ಥರ್’ ಸಿನಿಮಾಕ್ಕೆ ಈ ದುರಂತವೇ ಪ್ರೇರಣೆ. ಸ್ಮಾರಕದ ಎದುರು ಹೂವಿಡಲು ಬಂದವರಲ್ಲಿ ನನ್ನ ಅಜ್ಜಿಯ ವಯಸ್ಸಿನ ಒಬ್ಬ ಹೆಂಗಸಿದ್ದಳು. ಹೆಸರುಗಳ ಸಾಲಿನಲ್ಲಿ ಒಂದನ್ನು ಸೆರಗಿನ ಅಂಚಿನಿಂದ ಒರೆಸಿ, ಸ್ವಲ್ಪ ಹೊತ್ತು ನಿಂತು, ಮೊಮ್ಮಗನ ಕೈ ಹಿಡಿದು ಹೊರಟುಹೋದಳು. ಅಳಲಿಲ್ಲ. ಐವತ್ತು ವರ್ಷದ ಹತ್ತಿರ ಹತ್ತಿರ ಆಗಿತ್ತಲ್ಲ.

ಆ ರಾತ್ರಿ ನಿದ್ದೆ ಬಾರದೆ ಆಸ್ಟ್ರೇಲಿಯಾದ ಗ್ರೆಟ್ಲಿ ಗಣಿಯ ವಿಚಾರಣೆಯ ಬಗ್ಗೆ ಮತ್ತೆ ಓದಿದೆ. ಈ ವಿಷಯದಲ್ಲಿ ಸಂಶೋಧನೆ ಮಾಡುವವರೆಲ್ಲ ಅದನ್ನು ಓದಿಯೇ ಇರುತ್ತಾರೆ. 1996ರ ನವೆಂಬರ್ 14ರ ಬೆಳಗಿನ ಜಾವ, ನ್ಯೂಕ್ಯಾಸಲ್ ಬಳಿಯ ಆ ಗಣಿಯಲ್ಲಿ ಕಲ್ಲಿದ್ದಲು ಕತ್ತರಿಸುವ ಯಂತ್ರ ಯಂಗ್ ವಾಲ್ಸೆಂಡ್ ಎಂಬ ಹಳೆಯ ಗಣಿಯೊಳಗೆ ತೂತು ಹೊಡೆಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಮುಚ್ಚಿದ್ದ ಗಣಿ ಅದು. ನಾಲ್ವರು ಸತ್ತರು. ಗ್ರೆಟ್ಲಿಯವರು ನಕ್ಷೆಯಿಲ್ಲದೆ ಕೆಲಸ ಮಾಡುತ್ತಿರಲಿಲ್ಲ. ಸರ್ಕಾರಿ ಇಲಾಖೆಯಿಂದಲೇ ನಕ್ಷೆ ತಂದಿದ್ದರು. ಅದರ ಪ್ರಕಾರ ಹಳೆಯ ಸುರಂಗ ನೂರು ಮೀಟರಿಗೂ ಆಚೆ ಇತ್ತು. ಹಿಂದೆ ಯಾವಾಗಲೋ ಯಾರೋ ಮೂಲ ಹಾಳೆಗಳನ್ನು ತಪ್ಪಾಗಿ ಅರ್ಥಮಾಡಿಕೊಂಡು ಪ್ರತಿ ತೆಗೆದಿದ್ದರು. ಆ ಪ್ರತಿಗೇ ಎಲ್ಲರೂ ಮರ್ಯಾದೆ ಕೊಟ್ಟರು.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ವಿವರ. ದುರಂತಕ್ಕೆ ಮೊದಲೇ ಆ ಜಾಗದಲ್ಲಿ ನೀರು ಜಿನುಗುತ್ತಿರುವುದನ್ನು ಪಾಳಿಯ ಮೇಲ್ವಿಚಾರಕರು ಕಂಡಿದ್ದರು, ವರದಿಯಲ್ಲಿ ಬರೆದೂ ಇದ್ದರು. ಯಾರೂ ಕೆಲಸ ನಿಲ್ಲಿಸಲಿಲ್ಲ. ಹಳೆಯ ಗಣಿ ನೂರು ಮೀಟರ್ ದೂರವಿದೆ ಎಂದಾದ ಮೇಲೆ ಈ ನೀರು ಬೇರೆಲ್ಲಿಂದಲೋ ಬರುತ್ತಿರಬೇಕಲ್ಲವೇ? ನಕ್ಷೆಯನ್ನು ನಂಬಿದವರಿಗೆ ಕಣ್ಣೆದುರಿನ ನೀರು ಬರೀ ಕಿರಿಕಿರಿಯಾಗಿ ಕಂಡಿತು. ಓದುತ್ತ ಓದುತ್ತ ನನಗೆ ನನ್ನ 42 ಮೀಟರ್ ನೆನಪಾಯಿತು. ನಾಳೆ ಯಾವನೋ ಒಬ್ಬ ಓವರ್‌ಮನ್ ಒದ್ದೆ ಗೋಡೆಯ ಮುಂದೆ ನಿಂತು ಅನುಮಾನಪಟ್ಟಾಗ, ಯಾರಾದರೂ ನನ್ನ ಅಂಕಿಯನ್ನು ತೋರಿಸಿ ಅವನ ಬಾಯಿ ಮುಚ್ಚಿಸಬಹುದು. ತಪ್ಪು ನಕ್ಷೆ ಮಾಡುವ ದೊಡ್ಡ ಅನಾಹುತ ಇದೇ ಇರಬೇಕು. ಅದು ಅನುಮಾನಪಡುವವನನ್ನು ಒಂಟಿಯಾಗಿಸುತ್ತದೆ.

ಮರುದಿನ ಮಾರ್ಗದರ್ಶಕರ ಮನೆಗೇ ಹೋಗಿ ಹೇಳಿದೆ. ಅವರು ಬೈಯಲಿಲ್ಲ. “ಪ್ರಬಂಧ ವಾಪಸ್ ತಗೊ. ಆ ಮೂಲೆಗೆ ಏನು ಬರೆಯುತ್ತೀಯ, ಅದನ್ನು ಮೊದಲು ಯೋಚಿಸು” ಎಂದರು. ಜರ್ನಲ್‌ನ ಸಂಪಾದಕರಿಗೆ ಮೂರು ಸಾಲಿನ ಪತ್ರ ಬರೆಯಲು ಒಂದು ಸಂಜೆ ಪೂರ್ತಿ ಹಿಡಿಯಿತು.

ಏನು ಬರೆಯಬೇಕು ಎಂಬುದಕ್ಕೆ ಉತ್ತರ ಹೊಸದೇನಲ್ಲ, ನಮ್ಮ ನಿಯಮಪುಸ್ತಕದಲ್ಲೇ ಇತ್ತು. 1957ರ ಕಲ್ಲಿದ್ದಲು ಗಣಿ ನಿಯಮಗಳನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಈಗ ಅವುಗಳ ಜಾಗಕ್ಕೆ 2017ರ ನಿಯಮಗಳು ಬಂದಿವೆ. ಅಲ್ಲೊಂದು ಮಾತಿದೆ: ಒಳಗೆ ಹೋಗಿ ಪರೀಕ್ಷಿಸಿ ನೀರಿಲ್ಲವೆಂದು ಖಚಿತಪಡಿಸಿಕೊಳ್ಳದ ಯಾವುದೇ ಹಳೆಯ ಸುರಂಗಕ್ಕೆ 60 ಮೀಟರಿಗಿಂತ ಹತ್ತಿರ ಬಂದರೆ, ಲಿಖಿತ ಅನುಮತಿಯಿಲ್ಲದೆ ಮುಂದೆ ಹೋಗುವಂತಿಲ್ಲ. ಅನುಮತಿ ಸಿಕ್ಕರೂ ಸುರಂಗವನ್ನು ಕಿರಿದು ಮಾಡಿ, ಮುಂದಕ್ಕೆ ನೇರವಾಗಿ ಒಂದು ಬೋರು, ಎರಡೂ ಪಕ್ಕಕ್ಕೆ ಓರೆಯಾಗಿ ಬೋರುಗಳು, ಬೇಕಾದರೆ ಮೇಲಕ್ಕೂ ಕೆಳಕ್ಕೂ ಹಾಕುತ್ತ ಹೋಗಬೇಕು. ಬೋರಿನ ತುದಿ ಯಾವಾಗಲೂ ಕೆಲಸಗಾರರಿಗಿಂತ ಕನಿಷ್ಠ 3 ಮೀಟರ್ ಮುಂದಿರಬೇಕು. ಕುರುಡರು ಕೋಲನ್ನು ಮುಂದಿಟ್ಟು ತಡವಿಕೊಂಡು ನಡೆಯುವ ಹಾಗೆ. ನೀರು ಸಿಕ್ಕಿಬಿಟ್ಟರೆ ಮುಚ್ಚಲು ಬರುವಂತೆ ಬೋರಿನ ಬಾಯಿಗೆ ಮೊದಲೇ ಕಬ್ಬಿಣದ ಪೈಪು ಕೂರಿಸಿ ವಾಲ್ವು ಹಾಕಿರುತ್ತಾರೆ. ನಿಯಮ ಬರೆದವರು ಹಳೆಯ ನಕ್ಷೆಯನ್ನು ಪೂರ್ತಿ ನಂಬಿರಲಿಲ್ಲ ಎಂಬುದು ಆಗ ನನಗೆ ಮೊದಲ ಸಲ ಹೊಳೆಯಿತು.

ಹಾಗಿದ್ದ ಮೇಲೆ ತೊಂದರೆ ಎಲ್ಲಿದೆ? ಫೆಬ್ರುವರಿಯಲ್ಲಿ ಒಂದು ಗಣಿಗೆ ಇಳಿದಾಗ ಅದೂ ತಿಳಿಯಿತು. ಹಳೆಯ ಸುರಂಗಗಳತ್ತ ಸಾಗುತ್ತಿದ್ದ ಒಂದು ಗ್ಯಾಲರಿಯಲ್ಲಿ ನಾಲ್ಕು ಜನ ಬೋರು ಹಾಕುತ್ತಿದ್ದರು. ರಾಡಿಗೆ ರಾಡು ಜೋಡಿಸಿ ಕೊರೆಯುವುದು, ಮತ್ತೆ ಒಂದೊಂದಾಗಿ ಬಿಚ್ಚಿ ತೆಗೆಯುವುದು. ಅಷ್ಟು ಹೊತ್ತೂ ಕಲ್ಲಿದ್ದಲು ಕಡಿಯುವವರು ಸುಮ್ಮನೆ ಕುಳಿತಿರಬೇಕು. ಅಂದಿನ ಉತ್ಪಾದನೆಯ ಲೆಕ್ಕದಲ್ಲಿ ಆ ಜಾಗದ ಪಾಲು ಸೊನ್ನೆ. ಪಾಳಿಯ ಹೊಣೆ ಹೊತ್ತ ಮೈನಿಂಗ್ ಸರ್ದಾರ್ ನನ್ನ ಪಕ್ಕ ಬಂದು ಕುಳಿತು ಹೇಳಿದ, “ಸಾಹೇಬರೇ, ನೀರು ಸಿಕ್ಕರೆ ನಮ್ಮನ್ನು ಹೊಗಳುತ್ತಾರೆ. ಸಿಗದಿದ್ದರೆ ದಿನ ಹಾಳಾಯಿತು ಅನ್ನುತ್ತಾರೆ. ಇಲ್ಲಿಯವರೆಗೆ ಒಮ್ಮೆಯೂ ಸಿಕ್ಕಿಲ್ಲ.”

ಆ ಮಾತನ್ನು ನಾನು ಥೀಸಿಸ್‌ನಲ್ಲಿ ಹಾಕಲಾರೆ, ಆದರೆ ಈ ಅಪಾಯದ ನಿರ್ವಹಣೆಯೆಂದರೆ ಮುಖ್ಯವಾಗಿ ಅದೇ. ಗಣಿ ಸೇರುವವನಿಗೆ ಲಕ್ಷಣಗಳನ್ನು ಹೇಳಿಕೊಡುತ್ತಾರೆ. ಕಲ್ಲಿದ್ದಲು ಬೆವರತೊಡಗುತ್ತದೆ, ಹನಿ ತೊಟ್ಟಿಕ್ಕುತ್ತದೆ, ಕೆಲವೊಮ್ಮೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಅದನ್ನು ಕಂಡವನು ‘ಎಲ್ಲರೂ ಹೊರಗೆ ನಡೀರಿ’ ಎಂದಾಗ ಮೇಲಿನವರು ಆ ಮಾತನ್ನು ಉಳಿಸಿಕೊಡಬೇಕು. ಹತ್ತು ಸಲ ಹೊರಬಂದು ಹತ್ತು ಸಲವೂ ಏನೂ ಆಗದಿದ್ದರೂ ಹನ್ನೊಂದನೆಯ ಸಲ ಅವನನ್ನು ನೋಡಿ ನಗಬಾರದು.

ಜನ ನೆನಪಿಡುವುದು ಬೇರೆಯದನ್ನು. 1989ರ ನವೆಂಬರಿನಲ್ಲಿ ರಾಣಿಗಂಜ್‌ನ ಮಹಾಬೀರ್ ಗಣಿಗೆ ನೀರು ನುಗ್ಗಿದಾಗ, ಮೇಲಿನಿಂದ ಅಗಲವಾದ ಬೋರು ಕೊರೆದು, ಉಕ್ಕಿನ ಕ್ಯಾಪ್ಸೂಲಿನಲ್ಲಿ ಸ್ವತಃ ಕೆಳಗಿಳಿದು 65 ಮಂದಿಯನ್ನು ಮೇಲೆ ಕಳಿಸಿದ ಜಸ್ವಂತ್ ಸಿಂಗ್ ಗಿಲ್ ಅವರ ಸಾಹಸ ಈಗ ಹಿಂದಿ ಸಿನಿಮಾ ಆಗಿದೆ. ಅದನ್ನು ನೋಡಿ ನಾನೂ ಕಣ್ಣೊರೆಸಿಕೊಂಡವನೇ. ಅಮೆರಿಕದ ಕ್ವೆಕ್ರೀಕ್‌ನಲ್ಲಿ 2002ರ ಜುಲೈನಲ್ಲಿ ಇದೇ ರೀತಿ ಒಂಬತ್ತು ಮಂದಿಯನ್ನು 77 ಗಂಟೆಗಳ ನಂತರ ಮೇಲೆತ್ತಿದರು. ಅಲ್ಲಿಯೂ ಪಕ್ಕದ ಹಳೆಯ ಗಣಿಯ ನಕ್ಷೆ ಅಪೂರ್ಣವಾಗಿತ್ತು. ಕೆಲಸ ಇನ್ನೂ ಮುಂದೆ ಹೋಗಿದ್ದನ್ನು ತೋರಿಸುವ ಹಾಳೆ ಆಮೇಲೆ ಸಿಕ್ಕಿದ್ದು ವಿಂಡ್ಬರ್ ಎಂಬ ಊರಿನ ಕಲ್ಲಿದ್ದಲು ವಸ್ತುಸಂಗ್ರಹಾಲಯದಲ್ಲಿ, ತೀರಿಹೋದ ಗಣಿ ತನಿಖಾಧಿಕಾರಿಯೊಬ್ಬರ ಕಾಗದಗಳ ನಡುವೆ. ಮೇಘಾಲಯದ ಕ್ಸಾನ್‌ನಲ್ಲಿ 2018ರ ಡಿಸೆಂಬರ್ 13ರಂದು ಇಲಿಬಿಲದಂಥ ಗಣಿಯಲ್ಲಿ 15 ಮಂದಿ ಸಿಕ್ಕಿಕೊಂಡಾಗ ನೌಕಾಪಡೆಯ ಮುಳುಗುಗಾರರನ್ನೂ ಕರೆಸಿದರು. ಅಲ್ಲಿ ಅಪೂರ್ಣ ನಕ್ಷೆಯೂ ಇರಲಿಲ್ಲ. ಕಾನೂನಿನ ಕಣ್ಣಿನಲ್ಲಿ ಇಲ್ಲದ ಗಣಿಗೆ ನಕ್ಷೆ ಎಲ್ಲಿಂದ ಬರಬೇಕು? ಹದಿನೈದು ಮಂದಿಯಲ್ಲಿ ಒಬ್ಬರೂ ಜೀವಂತ ಮೇಲೆ ಬರಲಿಲ್ಲ.

ನನ್ನ ನಕ್ಷೆಯ ಈಶಾನ್ಯ ಮೂಲೆಯಲ್ಲಿ ಈಗ ಗೆರೆಯಿಲ್ಲ. ಆ ಜಾಗಕ್ಕೆ ಓರೆಗೀಟುಗಳನ್ನು ತುಂಬಿ ‘ಪರೀಕ್ಷಿಸಿಲ್ಲ’ ಎಂದು ಬರೆದಿದ್ದೇನೆ. ಸಾಫ್ಟ್‌ವೇರ್ ಅಲ್ಲಿಗೆ ಬಂದು ನಿಂತುಬಿಡುತ್ತದೆ. ಗೋಡೆಯ ದಪ್ಪದ ಕೋಷ್ಟಕದಲ್ಲಿ ಒಂದು ಮನೆ ಖಾಲಿ ಉಳಿದಿದೆ. ಹೊಸದಾಗಿ ಬರೆದ ಪ್ರಬಂಧವನ್ನು ಓದಿದ ಪರಿಶೀಲಕರೊಬ್ಬರು, ತೀರ್ಮಾನ ಸ್ಪಷ್ಟವಾಗಿಲ್ಲ ಎಂದು ಬರೆದು ಕಳಿಸಿದ್ದಾರೆ. ಅವರಿಗೆ ಉತ್ತರ ಬರೆಯುತ್ತಿದ್ದೇನೆ. ಫೆಲೋಶಿಪ್ ಮುಗಿದಿದೆ. ಸದ್ಯಕ್ಕೆ ಸಂಜೆ ಹೊತ್ತು ಡಿಪ್ಲೊಮಾ ಹುಡುಗರಿಗೆ ಸರ್ವೆ ಪಾಠ ಹೇಳಿ ರೂಮಿನ ಬಾಡಿಗೆ ಕಟ್ಟುತ್ತಿದ್ದೇನೆ. ಹರಿದ ನಕ್ಷೆಯನ್ನು ಮೊದಲನೆಯ ದಿನವೇ ತೋರಿಸುತ್ತೇನೆ.

ಫೆಬ್ರುವರಿಯ ಆ ದಿನ ಕೊನೆಯ ರಾಡು ಹೊರಬಂದಾಗ ಸರ್ದಾರ್ ಅದರ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿದ್ದ. ಒಣ ಪುಡಿ. ಟಾರ್ಚಿನ ಬೆಳಕಿನಲ್ಲಿ ರಿಜಿಸ್ಟರ್ ತೆರೆದು ‘ಸೂಖಾ’ ಎಂದು ಬರೆದು ರುಜು ಹಾಕಿದ್ದ. ಅದರ ಮೇಲಿನ ಸಾಲಿನಲ್ಲೂ ಅದೇ ಪದ, ಹಿಂದಿನ ಪುಟದಲ್ಲೂ ಅದೇ ಪದ.

ಆ ಭಾನುವಾರ ಅಪ್ಪ ಕೇಳಿದ, “ಕೆಳಗ ನೀರು ಹೆಂಗೈತಿ?”

“ಬೋರ್ ಹಾಕಿದ್ರಪ್ಪ. ಏನೂ ಬರಲಿಲ್ಲ.”

“ನಾಳೆನೂ ಹಾಕ್ತಾರೇನು?”

“ಹಾಕ್ತಾರ.”

“ಚೊಲೊ ಆತು,” ಎಂದು ಫೋನನ್ನು ಅವ್ವನ ಕೈಗೆ ಕೊಟ್ಟ.